ಭೀಮಶ್ಯಾ ಸೀಟು ಹಂಚಿದ್ದು

ಚಿತ್ತಾಪುರದಲ್ಲಿ ಹೊಲದ ಕಾಗದ ನೋಡುವ ಒಂದು ಸರಕಾರಿ ಕಚೇರಿ ಇದೆ. ಯಾವುದು ಅಂತ ಹೆಸರು ಹೇಳುವುದು ಬೇಡ. ಹೇಳಿದವರ ಪಹಣಿ ಆಮೇಲೆ ಬೇಗ ಸಿಗುವುದಿಲ್ಲ. ಆ ಕಚೇರಿಯ ಜವಾನ ಭೀಮಶ್ಯಾ. ಸಾಹೇಬರ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು, ಬಂದವರನ್ನು ಪಾಳಿ ಹಚ್ಚಿ ಒಬ್ಬೊಬ್ಬರನ್ನೇ ಒಳಗೆ ಬಿಡುವುದು ಅವನ ಕೆಲಸ. ನಡುನಡುವೆ ಒಂದು ಮೇಜಿನ ಕಾಗದವನ್ನು ಇನ್ನೊಂದು ಮೇಜಿಗೆ ಮುಟ್ಟಿಸುತ್ತಿದ್ದ. ಇಪ್ಪತ್ತು ವರ್ಷ ಕಾಗದವನ್ನು ಕಂಕುಳಲ್ಲಿಟ್ಟುಕೊಂಡು ತಿರುಗಿದವನಿಗೆ ಅದರೊಳಗಿನ ವಿದ್ಯೆ ಅಷ್ಟೋ ಇಷ್ಟೋ ಮೈಗೆ ಇಳಿದಿರಲೇಬೇಕು ಎಂದು ಓಣಿಯವರು ನಂಬಿದ್ದರು. ಅವರಿಗಿಂತ ಮೊದಲೇ ಭೀಮಶ್ಯಾ ನಂಬಿದ್ದ.

ಹಾಗಾಗಿ ಓಣಿಯಲ್ಲಿ ಯಾರಿಗೆ ಯಾವ ಕಾಗದ ಬಂದರೂ ಅದು ಮೊದಲು ಭೀಮಶ್ಯಾನ ಕಟ್ಟೆಗೆ ಬರುತ್ತಿತ್ತು. ಕರೆಂಟು ಬಿಲ್ಲೋ, ಬ್ಯಾಂಕಿನ ನೋಟೀಸೋ, ದವಾಖಾನೆಯ ರಕ್ತದ ರಿಪೋರ್ಟೋ, ಯಾವುದಾದರೂ ಸರಿ. ಅವನು ಚಾಳೀಸು ಏರಿಸಿ, ಕಾಗದವನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು, ಹಿಂದೆ ತಿರುಗಿಸಿ ಅಲ್ಲಿ ಏನೂ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು, "ಆಗ್ತದ, ಜರಾ ಟೈಮ್ ಹಿಡಿತದ" ಎನ್ನುತ್ತಿದ್ದ. ಈ ಮಾತು ಇದುವರೆಗೆ ಯಾವ ಕಾಗದಕ್ಕೂ ಸುಳ್ಳಾಗಿರಲಿಲ್ಲ. ರಕ್ತದ ರಿಪೋರ್ಟಿನವನು ಮಾತ್ರ ಸ್ವಲ್ಪ ಗಾಬರಿಯಾಗಿ ಹೋಗಿದ್ದ.

ಇಂಥ ಮನುಷ್ಯನ ಮಗಳು ಲುಂಬಿನಿ ಸಿಇಟಿ ಬರೆದಳು. ಫಲಿತಾಂಶ ಬಂದ ದಿನ ಅವಳು ಊರಲ್ಲಿರಲಿಲ್ಲ. ದಂಡೋತಿಯಲ್ಲಿ ಅವಳ ಅಜ್ಜಿಯ ಎಮ್ಮೆ ಈಯುವುದಿತ್ತು. ನಾನೇ ಹತ್ತಿರ ಇರಬೇಕು ಎಂದು ಹಟ ಹಿಡಿದು ಹೋಗಿದ್ದಳು. ಅಲ್ಲಿಂದಲೇ ಫೋನು ಮಾಡಿ ಫಲಿತಾಂಶ ಬಂದದ್ದು ಹೇಳಿದಳು, ಅದರಲ್ಲಿ ಏನೇನಿದೆ ಎಂದು ಬಿಡಿಸಿ ಹೇಳಲು ಹೊರಟಳು. ಭೀಮಶ್ಯಾನಿಗೆ ಇದು ಸರಿ ಕಾಣಲಿಲ್ಲ. ಊರ ಕಾಗದವನ್ನೆಲ್ಲ ಓದುವವನಿಗೆ ಮನೆಯ ಕಾಗದವನ್ನು ಮಗಳು ಓದಿ ಹೇಳುವುದೇ?

"ನೀ ಏನೂ ಹೇಳಬ್ಯಾಡ. ನಾ ಓದ್ಕೋತೀನಿ," ಎಂದು ಫೋನು ಇಟ್ಟ. ಕಥೆ ಕೆಟ್ಟದ್ದು ಇಲ್ಲೇ.

ಬಸ್‌ಸ್ಟ್ಯಾಂಡಿನ ಹತ್ತಿರ ಅಮರನಾಥನ ಕಂಪ್ಯೂಟರ್ ಅಂಗಡಿಯಲ್ಲಿ ಹಾಳೆ ತೆಗೆಸಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತ. ಮೇಲ್ಗಡೆ ಮಗಳ ಹೆಸರು, ಫೋಟೋ. ಅದರ ಕೆಳಗೆ ಒಂದೊಂದು ವಿಷಯದ ಅಂಕ. ಇಲ್ಲಿಯವರೆಗೆ ಸಲೀಸು. ಅದರ ಕೆಳಗೆ ಐದು ಸಾಲು. ಇಂಜಿನಿಯರಿಂಗ್ ಎಂದು ಬರೆದು ಮುಂದೆ ಅರವತ್ತೆಂಟು ಸಾವಿರದ ಚಿಲ್ಲರೆ. ಫಾರ್ಮಸಿ ಎಂದು ಬರೆದು ಎಪ್ಪತ್ತು ಸಾವಿರದ ಚಿಲ್ಲರೆ. ಕೃಷಿಗೆ ಹನ್ನೊಂದು ಸಾವಿರ, ಪ್ರಕೃತಿ ಚಿಕಿತ್ಸೆಗೆ ಹದಿನಾಲ್ಕು ಸಾವಿರದ ಹತ್ತಿರ. ಕೊನೆಗೆ ಪಶುವೈದ್ಯ, ಅದರ ಮುಂದೆ ಬರೀ ಆರು ಸಾವಿರದ ಚಿಲ್ಲರೆ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರು. ಭೀಮಶ್ಯಾ ಇಂಥ ಕಾಗದ ದಿನವೂ ನೋಡುವವನು. ಮೇಲೆ ಖಾತೇದಾರನ ಹೆಸರು, ಕೆಳಗೆ ಅವನ ಹೆಸರಿಗಿರುವ ಹೊಲಗಳು, ಒಂದೊಂದು ಹೊಲಕ್ಕೆ ಒಂದೊಂದು ನಂಬರು. ಇದೂ ಅದೇ ನಮೂನೆ. ಅಂದರೆ ಮಗಳ ಹೆಸರಿಗೆ ಐದು ಸೀಟು ಬಂದಿವೆ. ದೊಡ್ಡ ನಂಬರಿನದು ದೊಡ್ಡ ಸೀಟು, ಸಣ್ಣ ನಂಬರಿನದು ಸಣ್ಣ ಸೀಟು. ಫಾರ್ಮಸಿ ಎಲ್ಲಕ್ಕಿಂತ ದೊಡ್ಡದು. ಪಶುವೈದ್ಯ ಎಂಬುದು ಹೊಲದ ಮೂಲೆಯಲ್ಲಿ ಉಳಿದ ಗುಂಟೆ ಜಾಗದ ಹಾಗೆ.

ಹೆಂಡತಿ ಸುಂದರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು, ಒಬ್ಬಾಕಿಗೆ ಐದ್ಯಾಕ ಕೊಟ್ಟಾರ ಎಂದು ಕೇಳಿದಳು. ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ಮೊದಲ ಪ್ರಶ್ನೆ ಇದೇ. ಭೀಮಶ್ಯಾ ಅವಳನ್ನು ಕನಿಕರದಿಂದ ನೋಡಿ, ಶಾಣ್ಯಾ ಇದ್ದವರಿಗೆ ಹಂಗೇ ಕೊಡ್ತಾರ ಎಂದ. ಸಂಜೆಯೊಳಗೆ ಐದು ಸೀಟಿನ ಸುದ್ದಿ ಓಣಿ ದಾಟಿ ಸಂತೆಗೆ ಮುಟ್ಟಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಮ್ಮವರು. ಮರುದಿನ ಬೆಳಿಗ್ಗೆ ಎದುರುಮನೆಯ ಲಲಿತಾಬಾಯಿ ಹಾಲು ಕರೆಯಗೊಡದ ಎಮ್ಮೆಯನ್ನು ಹೊಡೆದುಕೊಂಡು ಬಂದು ಭೀಮಶ್ಯಾನ ಬಾಗಿಲ ಕಂಬಕ್ಕೆ ಕಟ್ಟಿದಳು. ಡಾಕ್ಟರು ದಂಡೋತಿಯಿಂದ ಬರುವವರೆಗೆ ಇಲ್ಲೇ ಇರಲಿ ಎಂದಳು. ಅವಳ ಹಿಂದೆಯೇ ಬಂದವನೊಬ್ಬ ತನ್ನ ಹೊಸ ಮನೆಯ ಗೋಡೆ ಯಾಕೆ ಬಿರುಕು ಬಿಟ್ಟಿದೆ ಎಂದು ಇಂಜಿನಿಯರರಿಂದ ತಿಳಿಯಬೇಕೆಂದ. ಇನ್ನೊಬ್ಬನಿಗೆ ಮೊಣಕಾಲು ನೋವು. ಅವನಿಗೆ ಔಷಧ ಕೊಡಬೇಕೋ, ಪ್ರಕೃತಿ ಚಿಕಿತ್ಸೆ ಮಾಡಬೇಕೋ ಎಂಬುದನ್ನು ಹುಡುಗಿಯೇ ತೀರ್ಮಾನಿಸಲಿ ಎಂದು ದೊಡ್ಡ ಮನಸ್ಸು ಮಾಡಿದ. ಭೀಮಶ್ಯಾ ಮೂವರನ್ನೂ ಪಾಳಿ ಹಚ್ಚಿ ಕೂರಿಸಿ, ಆಗ್ತದ, ಜರಾ ಟೈಮ್ ಹಿಡಿತದ ಎಂದ. ಎಮ್ಮೆ ಅಷ್ಟು ಹೊತ್ತು ಕಾಯಲಾರದೆ ಸುಂದರಮ್ಮನ ತುಳಸಿ ಗಿಡ ತಿಂದಿತು.

ಮಧ್ಯಾಹ್ನದ ರೈಲಿಗೆ ವಾಡಿಯಿಂದ ತಂಗಿ ಮರೆಮ್ಮ ಬಂದಿಳಿದಳು. ರೊಟ್ಟಿಗೆ ನೆಂಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ ತಂದಿದ್ದಳು. ಮರೆಮ್ಮ ಹಿಂಡಿ ತಂದಳೆಂದರೆ ಏನೋ ಒಯ್ಯಲು ಬಂದಿದ್ದಾಳೆಂದೇ ಅರ್ಥ. ಅವಳ ಮಗ ಸಾಯಿಕುಮಾರನೂ ಅದೇ ಪರೀಕ್ಷೆ ಬರೆದಿದ್ದ. ಫಲಿತಾಂಶದ ದಿನದಿಂದ ಮುಸುಕು ಹಾಕಿಕೊಂಡು ಮಲಗಿದ್ದ. ಮರೆಮ್ಮ ಉಂಡು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಸಾವಕಾಶವಾಗಿ ವಿಷಯಕ್ಕೆ ಬಂದಳು.

"ಅಣ್ಣಾ, ಅಪ್ಪನ ಹೊಲದಾಗ ನಾ ಪಾಲು ಕೇಳಿಲ್ಲ. ಕೇಳೀನೇನು ನೀನೇ ಹೇಳು. ಈಗ ನಿನ್ನ ಮನ್ಯಾಗ ಐದದಾವ, ನನ್ನ ಮನ್ಯಾಗ ಒಂದಿಲ್ಲ. ಆ ಇಂಜಿನಿಯರಿಂದು ನಮ್ಮ ಸಾಯಿಗ ಬಿಟ್ಟುಕೊಡು."

ಭೀಮಶ್ಯಾ ನೆಟ್ಟಗೆ ಕುಳಿತ. ಜೀವಮಾನದಲ್ಲಿ ಯಾರೂ ಅವನ ಹತ್ತಿರ ಇಂಥದ್ದೊಂದು ಕೇಳಿರಲಿಲ್ಲ. ಜನ ಅವನನ್ನು ಕೇಳುತ್ತಿದ್ದದ್ದು ಸಾಹೇಬರು ಒಳಗೆ ಇದ್ದಾರೋ ಇಲ್ಲವೋ ಎಂದು ಮಾತ್ರ. ಕೈಯಲ್ಲಿ ಕೊಡುವಂಥದ್ದು ಏನಾದರೂ ಇರುವುದು ಎಷ್ಟು ಚೆಂದ ಎಂಬುದು ಅವನಿಗೆ ಅವತ್ತೇ ಗೊತ್ತಾಯಿತು. ತಗೋ ಎಂದುಬಿಟ್ಟ. ರುಚಿ ಹತ್ತಿದ ಮೇಲೆ ಕೈ ನಿಲ್ಲಲಿಲ್ಲ. ಚಿಂಚೋಳಿಯ ಷಡ್ಡಕನಿಗೆ ಫೋನಿನಲ್ಲೇ ಕೃಷಿ ಕೊಟ್ಟ. ಸೇಡಂನ ಸೋದರಮಾವನಿಗೆ ಪ್ರಕೃತಿ ಚಿಕಿತ್ಸೆ ಕೊಟ್ಟ; ಅದು ಏನೆಂದು ಕೊಟ್ಟವನಿಗೂ ಗೊತ್ತಿರಲಿಲ್ಲ, ತಗೊಂಡವನಿಗೂ ಗೊತ್ತಿರಲಿಲ್ಲ, ಆದರೂ ಇಬ್ಬರ ಕಣ್ಣಲ್ಲೂ ನೀರು ಬಂತು. ಎಲ್ಲಕ್ಕಿಂತ ದೊಡ್ಡದಾದ ಫಾರ್ಮಸಿಯನ್ನು ಮಗಳಿಗೆ ಇಟ್ಟುಕೊಂಡ. ತಂದೆಯಾದವನು ಅಷ್ಟು ಸ್ವಾರ್ಥ ನೋಡಬೇಕಾಗುತ್ತದೆ.

ಇನ್ನು ಆ ಸಣ್ಣದೊಂದು ಉಳಿಯಿತು. ಅದನ್ನು ಕೇಳಿದವರು, ಭೀಮಶ್ಯಾ ಯಾರ ಬಾಗಿಲು ಕಾಯುತ್ತಿದ್ದನೋ ಆ ಹೆಡ್ ಕ್ಲಾರ್ಕ್ ಸೂರ್ಯಕಾಂತ ಸಾಹೇಬರು.

ಸೂರ್ಯಕಾಂತ ಸಾಹೇಬರೆಂದರೆ ಕಚೇರಿಯಲ್ಲಿ ಫ್ಯಾನು ಕೂಡ ಕೇಳಿಕೊಂಡು ತಿರುಗುತ್ತದೆ. ಭೀಮಶ್ಯಾನ ರಜೆ, ಡ್ಯೂಟಿ, ಬೇರೆ ಊರಿಗೆ ಹಾಕುವ ಮಾತು ಎಲ್ಲವೂ ಅವರ ಪೆನ್ನಿನ ತುದಿಯಲ್ಲಿ. ಅವರು ಆ ಹಾಳೆಯನ್ನು ತರಿಸಿಕೊಂಡು ಸುಮ್ಮನೆ ಓದಿದರು. ಅವರೂ ಇಂಥ ಹಾಳೆ ಹಿಂದೆ ನೋಡಿದವರಲ್ಲ. ಆದರೆ ನೌಕರರ ಜ್ಯೇಷ್ಠತಾ ಪಟ್ಟಿಯನ್ನು ಹಗಲೂ ರಾತ್ರಿ ಓದಿದವರು. ಪಟ್ಟಿಯಲ್ಲಿ ನಂಬರು ಸಣ್ಣದಾದಷ್ಟೂ ಮನುಷ್ಯ ದೊಡ್ಡವನು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಣ್ಣು ಸೀದಾ ಆರು ಸಾವಿರದ ಮೇಲೆ ಹೋಗಿ ಕುಳಿತಿತು.

ಭೀಮಶ್ಯಾನಿಗೆ ಚಹಾ ತರಿಸಿಕೊಟ್ಟರು. ತಂದವನೂ ಭೀಮಶ್ಯಾನೇ, ಆ ಮಾತು ಬೇರೆ. ನೀನು ದೊಡ್ಡದು ಯಾವುದೂ ಕೊಡಬೇಡ, ಆ ಸಣ್ಣದೊಂದು ನಮ್ಮ ಹುಡುಗನಿಗೆ ಇರಲಿ, ಅವನಿಗೂ ಒಂದು ದಾರಿಯಾಗುತ್ತದೆ ಎಂದರು. ಸೀಟು ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆಯೋ ಇಲ್ಲವೋ ಎಂಬ ಅನುಮಾನ ಅವರಿಗೆ ಬರಲೇ ಇಲ್ಲ. ಕಾಗದದ ಮೇಲೆ ಒಬ್ಬರ ಹೆಸರಿಗೆ ಇದ್ದದ್ದು ಇನ್ನೊಬ್ಬರ ಹೆಸರಿಗೆ ಆಗುವುದನ್ನು ನೋಡುತ್ತಲೇ ಅವರ ತಲೆ ನೆರೆತಿತ್ತು. ಹಕ್ಕು ಬಿಡುಗಡೆ ಪತ್ರ ನಾನೇ ಬರೆಸುತ್ತೇನೆ ಎಂದರು. ಭೀಮಶ್ಯಾ ಎರಡೂ ಕೈ ಜೋಡಿಸಿ ಒಪ್ಪಿಕೊಂಡ. ಮನೆಗೆ ಹೋಗುವಾಗ ಸೈಕಲ್ಲಿನ ಗಾಲಿ ನೆಲಕ್ಕೆ ತಾಗಲಿಲ್ಲ.

ಮರುದಿನ ಸಂಜೆ ಲುಂಬಿನಿ ಬಂದಳು. ಬಾಗಿಲಲ್ಲಿ ಎಮ್ಮೆ, ಕಟ್ಟೆಯ ಮೇಲೆ ಮೊಣಕಾಲಿನವನು, ಒಳಗೆ ಇನ್ನೂ ವಾಡಿಗೆ ಹೋಗದ ಸೋದರತ್ತೆ. ಎಲ್ಲರೂ ಅವಳನ್ನು ಬೇರೆ ಬೇರೆ ಹೆಸರಿನಿಂದ ಮಾತಾಡಿಸಿದರು. ಇಂಜಿನಿಯರ್ ಮೇಡಂ ಅಂದವರುಂಟು, ಡಾಕ್ಟರಮ್ಮ ಅಂದವರುಂಟು. ಭೀಮಶ್ಯಾ ಮಗಳನ್ನು ಕೂರಿಸಿಕೊಂಡು, ಯಾರ್ಯಾರಿಗೆ ಏನೇನು ಕೊಟ್ಟೆ ಎಂದು ಮದುವೆಯ ಆಯೇರಿ ಉಡುಗೊರೆಗಳ ಪಟ್ಟಿ ಓದಿದಂತೆ ಹೇಳಿದ. ಇಂಜಿನಿಯರಿಂಗ್ ಮುಗಿಯುವಷ್ಟರಲ್ಲಿ ಲುಂಬಿನಿ ನಗಲು ಶುರು ಮಾಡಿದಳು. ಪ್ರಕೃತಿ ಚಿಕಿತ್ಸೆಗೆ ಬಂದಾಗ ಹೊಟ್ಟೆ ಹಿಡಿದುಕೊಂಡಿದ್ದಳು. ಪಶುವೈದ್ಯವನ್ನು ಸೂರ್ಯಕಾಂತ ಸಾಹೇಬರ ಮಗನಿಗೆ ಬಿಟ್ಟುಕೊಟ್ಟೆ ಎಂದಾಗ ನಗು ಅಲ್ಲಿಗೇ ನಿಂತಿತು.

"ಅದ್ಯಾಕ ಕೊಟ್ಟಿ ಅಪ್ಪಾ? ನಂಗ ಬೇಕಾಗಿದ್ದು ಅದೊಂದೇ."

ಭೀಮಶ್ಯಾ ನಕ್ಕು, ಅದು ಭಾಳ ಸಣ್ಣದದ ಎಂದ. ಆಗ ಅವಳು ಹಾಳೆ ಎಳೆದುಕೊಂಡಳು. ರ‍್ಯಾಂಕು, ಕೋಟಾ, ಸುತ್ತು ಎಂದು ಏನೇನೋ ಶುರು ಮಾಡಿದಳು. ಅಪ್ಪನ ಮುಖ ನೋಡಿ ಬಿಟ್ಟಳು. ಆಮೇಲೆ ಬೇರೆ ದಾರಿ ಹಿಡಿದಳು.

"ಇದು ಸೀಟಲ್ಲ ಅಪ್ಪಾ, ಪಾಳಿ. ಐದು ಸಾಹೇಬ್ರ ಐದು ಬಾಗಿಲು ಅಂತ ತಿಳ್ಕೋ. ಒಂದೊಂದು ಬಾಗಿಲ ಮುಂದ ಒಂದೊಂದು ಪಾಳಿ ನಿಂತದ. ಫಾರ್ಮಸಿ ಬಾಗಿಲಿಗೆ ನನ್ನ ಮುಂದ ಎಪ್ಪತ್ತು ಸಾವಿರ ಮಂದಿ ಇದ್ದಾರ. ದನದ ಡಾಕ್ಟರ್ ಬಾಗಿಲಿಗೆ ಆರೇ ಸಾವಿರ."

ಪಾಳಿ ಎಂದರೇನು ಎಂಬುದನ್ನು ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಕಲಿಸಬೇಕಾಗಬಹುದು, ಭೀಮಶ್ಯಾನಿಗೆ ಬೇಡ. ಎಪ್ಪತ್ತನೆಯವನಾಗಿ ನಿಂತವನು ಮಧ್ಯಾಹ್ನದವರೆಗೆ ನಿಂತು, ಸಾಹೇಬರು ಊಟಕ್ಕೆ ಎದ್ದರೆಂದು ಕೇಳಿ, ಟವೆಲು ಕೊಡವಿಕೊಂಡು ಹೋಗುವುದನ್ನು ದಿನವೂ ನೋಡಿದವನು ಅವನು. ಇಲ್ಲಿ ಎಪ್ಪತ್ತು ಸಾವಿರ! ಅವನ ಕಣ್ಣ ಮುಂದೆ ಜನ ಚಿತ್ತಾಪುರದಿಂದ ಶಹಾಬಾದ ದಾಟಿ ನಿಂತಿದ್ದು ಕಾಣಿಸಿತು. ಆ ಪಾಳಿಯ ತುದಿಯಲ್ಲಿ ಅವನ ಮಗಳು. ಅವಳನ್ನು ಅಲ್ಲಿ ನಿಲ್ಲಿಸಿ, ಹತ್ತಿರವಿದ್ದ ಬಾಗಿಲನ್ನು ಅವನೇ ಬೇರೆಯವರಿಗೆ ಕೊಟ್ಟಿದ್ದ.

ಆರು ಸಾವಿರ ಅಂದರೂ ಕಡಿಮೆ ಆಗಲಿಲ್ಲವಲ್ಲ ಎಂದು ಸಣ್ಣ ದನಿಯಲ್ಲಿ ಕೇಳಿದ. ನಮ್ಮ ಕಡೆಯವರಿಗೆ ಬೇರೆ ಪಾಳಿ ಇದೆ, ಅದು ಗಿಡ್ಡದು, ಬೀದರಿನ ಕಾಲೇಜನ್ನು ಮೊದಲು ಹಾಕಿದರೆ ಸಿಗಬಹುದು ಎಂದು ಲುಂಬಿನಿ ಹೇಳಿದಳು. ಯಾವ ಬಾಗಿಲು ಮೊದಲು ಎಂದು ಕಂಪ್ಯೂಟರಿನಲ್ಲಿ ಬರೆದು, ಆಮೇಲೆ ಬದಲಾಗದಂತೆ ಬೀಗ ಹಾಕಲು ನಾಳೆ ಮಧ್ಯಾಹ್ನ ಹನ್ನೆರಡೇ ಕೊನೆ. ಬೀಗ ಹಾಕುವಾಗ ಓಟಿಪಿ ಬರುವುದು ಅಪ್ಪನ ಫೋನಿಗೆ.

ಮರೆಮ್ಮನಿಗೆ ಎಲ್ಲ ಬಿಡಿಸಿ ಹೇಳಿದ್ದಾಯಿತು. ಅವಳು ಪೂರಾ ಕೇಳಿ, ಪಾಳಿ ಆದರೆ ಇನ್ನೂ ಚಲೋ ಆಯಿತು, ನಮ್ಮ ಸಾಯಿಯನ್ನು ನಡುವೆ ಎಲ್ಲಾದರೂ ಸೇರಿಸಿಬಿಡು, ದಿನಾ ಮಾಡುವುದು ಅದೇ ಅಲ್ಲವೇ ನೀನು ಎಂದಳು. ಆ ಬಾಗಿಲ ಮುಂದ ನನ್ನ ಸ್ಟೂಲಿಲ್ಲ ಎಂದ ಭೀಮಶ್ಯಾ. ಮರೆಮ್ಮ ಹಿಂಡಿಯ ಡಬ್ಬಿ ವಾಪಸು ತಗೊಂಡು ವಾಡಿ ರೈಲು ಹತ್ತಿದಳು. ಚಿಂಚೋಳಿಯ ಷಡ್ಡಕ ಪೂರಾ ಕೇಳುವ ಮೊದಲೇ ಫೋನು ಇಟ್ಟ. ಸೇಡಂನ ಸೋದರಮಾವ ಮಾತ್ರ, ಇರಲಿ ಬಿಡು, ಅದು ಏನು ಅಂತ ನಂಗೂ ತಿಳಿದಿರಲಿಲ್ಲ ಎಂದು ಸಮಾಧಾನ ಹೇಳಿದ.

ಉಳಿದವರು ಸಾಹೇಬರು. ಲುಂಬಿನಿಗೆ ಇದು ಸಿಂಪಲ್ಲು: ಸೀಟು ಕೊಡಲಿಕ್ಕೆ ಬರುವುದೇ ಇಲ್ಲ, ಅಂದಮೇಲೆ ಹೇಳುವುದೇನಿದೆ? ಭೀಮಶ್ಯಾನಿಗೆ ಹಾಗಲ್ಲ. ಸಾಹೇಬರಿಗೆ ಹೂಂ ಎಂದು ಹೇಳಿ ಅವರ ಬೆನ್ನ ಹಿಂದೆ ಬೀಗ ಹಾಕುವುದು ಅವನಿಂದಾಗದು. ನಾಳೆ ಕಚೇರಿಗೆ ಹೋಗಿ ಮೊದಲು ಅವರಿಗೆ ಹೇಳುತ್ತೇನೆ, ಆಮೇಲೆ ಓಟಿಪಿ ಎಂದ. ಲುಂಬಿನಿಯ ಕಣ್ಣು ತುಂಬಿದವು. ಅಪ್ಪ ಹೇಳುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು.

"ಸಾಹೇಬ್ರ ಮುಂದ ನಿಮ್ಮ ಬಾಯಾಗ 'ಹೂಂ' ಬಿಟ್ಟು ಬ್ಯಾರೆ ಏನರ ಬಂದದೇನ್ರಿ?" ಎಂದು ಸುಂದರಮ್ಮ ಕೇಳಿದಳು. ಭೀಮಶ್ಯಾ ಯೋಚಿಸಿ ನೋಡಿದ. ಒಮ್ಮೆ ಸೀನು ಬಂದಿತ್ತು, ಅಷ್ಟೇ.

ಮರುದಿನ ಕಚೇರಿಗೆ ಹೋದವನು ಹತ್ತೂವರೆಯಿಂದ ಸಾಹೇಬರ ಬಾಗಿಲ ಮುಂದೆ ತಾನೇ ಪಾಳಿ ನಿಂತ. ಪ್ರತಿ ಸಲ ಅವನ ಪಾಳಿ ಬಂದಾಗಲೂ ಹಿಂದಿನವನನ್ನು ಒಳಗೆ ಕಳಿಸಿ ತಾನು ಹಿಂದೆ ಸರಿದ. ಜನರಿಗೆ ಅವನ ಒಳ್ಳೆಯತನ ಕಂಡು ಆಶ್ಚರ್ಯವಾಯಿತು. ಹನ್ನೊಂದೂವರೆಗೆ ಪಾಳಿಯಲ್ಲಿ ಯಾರೂ ಉಳಿಯಲಿಲ್ಲ. ಅಷ್ಟರಲ್ಲಿ ಸಾಹೇಬರೇ ಕರೆದರು.

ಮೇಜಿನ ಮೇಲೆ ಹಕ್ಕು ಬಿಡುಗಡೆ ಪತ್ರ ತಯಾರಾಗಿತ್ತು. ಕಂಪ್ಯೂಟರಿನಲ್ಲಿದ್ದ ಹೊಲದ ನಮೂನೆಯನ್ನೇ ಸಾಹೇಬರು ಬಳಸಿದ್ದರಿಂದ ಅದರಲ್ಲಿ ಚಕ್ಕುಬಂದಿಯೂ ಬಂದಿತ್ತು. ಸದರಿ ಪಶುವೈದ್ಯ ಸೀಟಿಗೆ ಪೂರ್ವಕ್ಕೆ ಇಂಜಿನಿಯರಿಂಗ್, ಪಶ್ಚಿಮಕ್ಕೆ ಫಾರ್ಮಸಿ, ಉತ್ತರಕ್ಕೆ ಕೃಷಿ, ದಕ್ಷಿಣಕ್ಕೆ ಸರಕಾರಿ ರಸ್ತೆ. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು ಮುಂದಿಟ್ಟರು. ಭೀಮಶ್ಯಾನ ಜೇಬಿನಲ್ಲಿ ಫೋನು ಅಲುಗಿತು, ಓಟಿಪಿ ಬಂತು. ಅಮರನಾಥನ ಅಂಗಡಿಯಲ್ಲಿ ಕುಳಿತು ಮಗಳು ಕಾಯುತ್ತಿದ್ದಾಳೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

"ಸಾಹೇಬ್ರ, ಇದು ಸೀಟಲ್ರಿ. ಪಾಳಿ ಅದರಿ."

"ನಂಗ ಗೊತ್ತದ," ಎಂದರು ಸಾಹೇಬರು. "ಅದಕ್ಕೇ ಸಣ್ಣದು ಕೇಳೀನಿ. ಸಹಿ ಮಾಡು."

"ಆಗಂಗಿಲ್ರಿ."

ಈ ಶಬ್ದ ತನ್ನ ಬಾಯಿಂದ ಬಂತೋ, ಕಿಟಕಿಯ ಆಚೆಯಿಂದ ಬಂತೋ ಎಂದು ಭೀಮಶ್ಯಾ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಸಾಹೇಬರೂ ಅದೇ ಅನುಮಾನದಿಂದ ಕಿಟಕಿ ನೋಡಿ, ಆಮೇಲೆ ಅವನನ್ನು ನೋಡಿದರು. ಚಿಂಚೋಳಿಯ ಕಡೆ ಒಂದು ಜವಾನನ ಜಾಗ ಖಾಲಿ ಇರುವುದನ್ನು ಯಾರಿಗೂ ಅಲ್ಲದಂತೆ ಗಟ್ಟಿಯಾಗಿ ನೆನಪು ಮಾಡಿಕೊಂಡರು. ಕೊಟ್ಟ ಮಾತು ಏನಾಯಿತು ಎಂದು ಕೇಳಿದರು.

"ಮೊನ್ನೆ ನಿಂದೇ ಅಂತ ಹೇಳಿ ಕೊಟ್ಟಿ. ಇವತ್ತು ನಿಂದಲ್ಲೇನು?"

"ನಂದಲ್ಲ ಅಂತ ಹೇಳ್ಲಿಕ್ಕೇ ಬಂದೀನ್ರಿ," ಎಂದ ಭೀಮಶ್ಯಾ. "ನಮ್ಮ ಹುಡುಗಿದದ. ಆಕಿನ್ನ ಕೇಳದೇ ಕೊಟ್ಟೀನಿ, ತಪ್ಪಾಗ್ಯದ. ಚಿಂಚೋಳಿಗಿ ಹಾಕ್ತೀರಿ ಅಂದ್ರ ಹಾಕ್ರಿ. ಆಕಿ ದನದ ಡಾಕ್ಟರ್ ಆಗ್ಲಿಕ್ಕೇ ಬೇಕು."

ಭೀಮಶ್ಯಾ ಫೋನು ತೆಗೆದು, ಚಾಳೀಸು ಏರಿಸಿ, ಈ ಸಲ ದೂರ ಹತ್ತಿರ ಏನೂ ಹಿಡಿಯದೆ, ಓಟಿಪಿ ಓದಿಕೊಂಡು, ಮಗಳಿಗೆ ಫೋನು ಹಚ್ಚಿ, ಒಂದೊಂದು ಅಂಕಿಯನ್ನೂ ಕೋರ್ಟಿನಲ್ಲಿ ಹೆಸರು ಕೂಗಿದ ಹಾಗೆ ಕೂಗಿ ಹೇಳಿದ. ಓಟಿಪಿಯನ್ನು ಯಾರಿಗೂ ಹೇಳಬಾರದು ಎನ್ನುತ್ತಾರೆ. ಅವತ್ತು ಇಡೀ ಕಚೇರಿಗೆ ಗೊತ್ತಾಯಿತು. ಆ ಕಡೆ ಕೀಬೋರ್ಡು ಟಕಟಕ ಅಂದಿತು. ಆಮೇಲೆ, "ಅಪ್ಪಾ, ಬೀಗ ಬಿತ್ತು. ಬೀದರ ಮೊದಲು," ಎಂದು ಲುಂಬಿನಿ ಹೇಳಿದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆ ಸೀಟು ಎರಡನೇ ಸುತ್ತಿನಲ್ಲಿ ಅವಳಿಗೆ ಸಿಕ್ಕಿತು, ಸೂರ್ಯಕಾಂತ ಸಾಹೇಬರು ಯಾರನ್ನೂ ಎಲ್ಲಿಗೂ ಹಾಕಲಿಲ್ಲ. ಆದರೆ ಅವೆಲ್ಲ ಆಮೇಲಿನ ಮಾತು.

ಆ ಗಳಿಗೆಯಲ್ಲಿ ಆದದ್ದು ಇಷ್ಟು: ಭೀಮಶ್ಯಾ ಸಾಹೇಬರ ಎದುರಿನ ಕುರ್ಚಿಯಲ್ಲಿ ದೊಪ್ಪನೆ ಕುಳಿತುಬಿಟ್ಟ. ಅವನ ಮುಖದ ಬೆವರು ನೋಡಿ ಸೂರ್ಯಕಾಂತ ಸಾಹೇಬರಿಗೇ ಗಾಬರಿಯಾಯಿತು. ನೀರು ತರಿಸೋಣವೆಂದು ಜವಾನನ ಗಂಟೆ ಒತ್ತಿದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದರು. ಆಗಲೂ ಯಾರೂ ಬರಲಿಲ್ಲ. ಬರಬೇಕಾದವನು ಅವರ ಎದುರಿಗೇ ಕುರ್ಚಿಗೆ ಒರಗಿ ಕುಳಿತು, ಒಂದು ಕಿವಿಗೆ ಬೆರಳು ಹಾಕಿಕೊಂಡು, ಬೀದರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮಗಳನ್ನು ಕೇಳುತ್ತಿದ್ದ.